ಕಾವಲಿನ ಕಣ್ಣು, ಮನೆಯ ಮರೆ



ಈಚೆಗೆ ಯಾವ ಪೇಟೆಗೆ ಹೋದರೂ ಅಂಗಡಿಯ ಬಾಗಿಲಲ್ಲಿ ಒಂದು ಹಲಗೆ ಕಾಣುತ್ತದೆ. 'ನೀವು ಕ್ಯಾಮರಾದ ಕಣ್ಗಾವಲಿನಲ್ಲಿದ್ದೀರಿ' ಎಂದು ಅದರ ಮೇಲೆ ಬರೆದಿರುತ್ತದೆ. ಬಟ್ಟೆ ಅಂಗಡಿಯಲ್ಲಿದೆ, ಔಷಧಿ ಅಂಗಡಿಯಲ್ಲಿದೆ, ಬ್ಯಾಂಕಿನಲ್ಲಿದೆ, ಬಸ್ ನಿಲ್ದಾಣದಲ್ಲಿದೆ. ಮೊದಮೊದಲು ಅದನ್ನು ಓದಿದವರು ತಲೆಯೆತ್ತಿ ನೋಡುತ್ತಿದ್ದರು, ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಈಗ ಯಾರೂ ಓದುವುದೇ ಇಲ್ಲ. ಅಭ್ಯಾಸವಾಗಿ ಹೋಗಿದೆ. ಅಭ್ಯಾಸವಾಗಿ ಹೋದದ್ದನ್ನು ಕುರಿತು ಒಮ್ಮೆ ನಿಂತು ಯೋಚಿಸಬೇಕಾಗುತ್ತದೆ. ಆದ್ದರಿಂದ ಇಂದು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಕ್ಯಾಮರಾ ಕೆಟ್ಟದ್ದು ಎಂದು ಹೇಳಲು ನಾವು ಕುಳಿತಿಲ್ಲ. ಜಾತ್ರೆಯಲ್ಲಿ ಮಗು ಕಳೆದುಹೋದ ತಾಯಿಯನ್ನು ನೀವು ನೋಡಿದ್ದೀರಿ. ಆ ತಾಯಿಯ ಮುಂದೆ ನಿಂತು 'ಅಮ್ಮಾ, ಖಾಸಗಿತನ ಬಹಳ ದೊಡ್ಡದು' ಎಂದು ಉಪದೇಶ ಮಾಡುವ ಧೈರ್ಯ ಯಾರಿಗಿದೆ? ತೇರಿನ ನೂಕುನುಗ್ಗಲಿನಲ್ಲಿ ಮಾಂಗಲ್ಯದ ಸರ ಕಿತ್ತುಕೊಂಡು ಹೋದವನನ್ನು ಒಂದು ಚಿತ್ರ ಹಿಡಿದುಕೊಟ್ಟರೆ ಆ ಚಿತ್ರ ಉಪಕಾರವನ್ನೇ ಮಾಡಿತು. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯದ ಅನಂತರ, 2013ರಲ್ಲಿ, ಕೇಂದ್ರ ಸರ್ಕಾರ ನಿರ್ಭಯಾ ನಿಧಿಯನ್ನು ಸ್ಥಾಪಿಸಿತು. ಅದರ ಹಣದಿಂದಲೇ ಬೆಂಗಳೂರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮರಾಗಳ ಯೋಜನೆ ಬಂದಿತು. ಹೆಣ್ಣುಮಗಳೊಬ್ಬಳು ಕೆಲಸ ಮುಗಿಸಿ ರಾತ್ರಿ ಹತ್ತು ಗಂಟೆಗೆ ನಿರ್ಭಯಳಾಗಿ ಮನೆ ಸೇರಲಿ ಎನ್ನುವುದು ಅದರ ಉದ್ದೇಶ. ಆ ಉದ್ದೇಶಕ್ಕೆ ಬೇಡವೆನ್ನುವವರು ಯಾರು?

ಆದರೆ ಔಷಧಿಗೆ ಇರುವ ಗುಣವನ್ನು ಇರುವಷ್ಟೇ ಹೇಳಬೇಕು. ಬಲ್ಲ ವೈದ್ಯ ಹಾಗೆಯೇ ಹೇಳುತ್ತಾನೆ. ಸಂತೆಯಲ್ಲಿ ಬೇರು ಮಾರುವವನು ಎಲ್ಲ ರೋಗಕ್ಕೂ ಇದೊಂದೇ ಎನ್ನುತ್ತಾನೆ. ಕ್ಯಾಮರಾದಿಂದ ಅಪರಾಧ ಎಷ್ಟು ಕಡಿಮೆಯಾಗುತ್ತದೆ ಎಂದು ವಿದ್ವಾಂಸರು ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. 2019ರಲ್ಲಿ ಅದು ಪ್ರಕಟವಾಯಿತು. ಕ್ಯಾಮರಾ ಇರುವ ಕಡೆ ಅಪರಾಧ ಸುಮಾರು ನೂರಕ್ಕೆ 13ರಷ್ಟು ಇಳಿದಿತ್ತು. ಹೆಚ್ಚು ಪ್ರಯೋಜನ ಕಂಡದ್ದು ವಾಹನ ನಿಲ್ಲಿಸುವ ಜಾಗಗಳಲ್ಲಿ. ಹೊಡೆದಾಟ, ಹಲ್ಲೆಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಇನ್ನೊಂದು ಮಾತು: ಚಿತ್ರವನ್ನು ಒಬ್ಬ ಮನುಷ್ಯ ಕುಳಿತು ನೋಡುತ್ತಿದ್ದ ಕಡೆ ಫಲ ಹೆಚ್ಚಾಗಿತ್ತು. ಗೋಡೆಗೆ ಮೊಳೆ ಹೊಡೆದು ಮರೆತುಬಿಟ್ಟ ಕಡೆ ಫಲ ಕಡಿಮೆ. ಇದು ಹೊಲ ಕಾಯುವ ಬೆರ್ಚಪ್ಪನ ಕಥೆಯಂತೆ. ಮೂರು ದಿನ ಹಕ್ಕಿಗಳು ಹೆದರುತ್ತವೆ. ನಾಲ್ಕನೆಯ ದಿನ ಅವನ ತಲೆಯ ಮೇಲೆಯೇ ಕುಳಿತು ತೆನೆ ತಿನ್ನುತ್ತವೆ. ಹಾಗೆಂದು 13 ಕಡಿಮೆಯೇನಲ್ಲ. ನೂರು ಮನೆಗಳಲ್ಲಿ ಹದಿಮೂರು ಮನೆಗೆ ಕಳ್ಳ ಬಾರದಿದ್ದರೆ ಆ ಹದಿಮೂರು ಮನೆಯವರಿಗೆ ಅದೇ ನೂರು. ಪ್ರಯೋಜನ ಇದೆ, ಮಿತವಾಗಿ ಇದೆ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

'ತಪ್ಪು ಮಾಡದವನಿಗೆ ಹೆದರಿಕೆ ಏಕೆ? ಮುಚ್ಚುಮರೆ ಇಲ್ಲದವನನ್ನು ಯಾರು ನೋಡಿದರೇನು?' ಈ ಮಾತನ್ನು ಬಹಳ ಜನ ಆಡುತ್ತಾರೆ. ಓದಿದವರೂ ಆಡುತ್ತಾರೆ. ಕೇಳಲು ಬಹಳ ಧೀರವಾಗಿದೆ. ಹಾಗಾದರೆ ನಾವು ಕೇಳುತ್ತೇವೆ: ಸ್ನಾನ ಮಾಡುವುದು ತಪ್ಪೇ? ತಪ್ಪಲ್ಲದಿದ್ದರೆ ಬಚ್ಚಲಿಗೆ ಬಾಗಿಲು ಏಕೆ ಇಟ್ಟಿರಿ? ಬಾಣಂತಿ ಮಗುವಿಗೆ ಹಾಲೂಡಿಸುವಾಗ ಸೆರಗು ಮರೆಮಾಡುತ್ತಾಳೆ. ಅವಳು ಏನು ಅಪರಾಧ ಮಾಡಿದಳು? ಗಂಡ ಹೆಂಡಿರು ಸಂಸಾರದ ಸಾಲದ ಮಾತನ್ನು ದೀಪ ಆರಿಸಿದ ಮೇಲೆ ಪಿಸುಮಾತಿನಲ್ಲಿ ಆಡಿಕೊಳ್ಳುತ್ತಾರೆ. ಅವರು ಯಾರ ಮನೆಗೆ ಕನ್ನ ಹಾಕಲು ಹೊರಟಿದ್ದಾರೆ? ಮರೆ ಬೇರೆ, ಕಳ್ಳತನ ಬೇರೆ. ಬೀಜ ಮೊಳೆಯುವುದು ಮಣ್ಣಿನ ಮರೆಯಲ್ಲಿ. ದಿನಕ್ಕೆ ಹತ್ತು ಸಲ ಮಣ್ಣು ಕೆದಕಿ 'ಮೊಳೆಯಿತೇ?' ಎಂದು ನೋಡಿದರೆ ಅದು ಮೊಳೆಯುವುದಿಲ್ಲ. ಒಕ್ಕಲುತನ ಮಾಡುವ ನಿಮಗೆ ಇದನ್ನು ನಾವು ಹೇಳಬೇಕಾಗಿಲ್ಲ.

ಇಲ್ಲಿ ಹಿರಿಯರೊಬ್ಬರು ನಮ್ಮನ್ನು ಕೇಳಿದ್ದರು: 'ಬುದ್ಧಿ, ದೇವರು ಎಲ್ಲವನ್ನೂ ನೋಡುತ್ತಾನೆ ಎಂದು ತಾವೇ ಹೇಳುತ್ತೀರಿ. ದೇವರ ಕಣ್ಣಿಗೆ ಹೆದರಬೇಕಾದರೆ ಕ್ಯಾಮರಾ ಕಣ್ಣಿಗೆ ಹೆದರಿದರೆ ತಪ್ಪೇನು?' ಪ್ರಶ್ನೆ ಚೆನ್ನಾಗಿದೆ. ಕನಕದಾಸರ ಬಾಳೆಹಣ್ಣಿನ ಕಥೆ ನಿಮಗೆಲ್ಲ ಗೊತ್ತು. ಗುರುಗಳಾದ ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಯಾರೂ ನೋಡದ ಕಡೆ ಹೋಗಿ ತಿಂದು ಬನ್ನಿ ಎಂದರು. ಒಬ್ಬ ಬಾಗಿಲ ಹಿಂದೆ ತಿಂದ, ಒಬ್ಬ ಕಂಬಳಿ ಹೊದ್ದು ತಿಂದ. ಕನಕದಾಸರು ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ದೇವರು ನೋಡದ ಜಾಗ ತಮಗೆ ಸಿಕ್ಕಲಿಲ್ಲ ಎಂದರು. ಶಾಲೆಯ ಮಕ್ಕಳಿಗೂ ಗೊತ್ತಿರುವ ಕಥೆ ಇದು.

ಆದರೆ ಯೋಚನೆ ಮಾಡಿ. ದೇವರು ನೋಡುತ್ತಾನೆ, ನೋಡಿದ್ದನ್ನು ಹೋಗಿ ಪಕ್ಕದ ಮನೆಯವರಿಗೆ ಹೇಳುವುದಿಲ್ಲ. ನೋಡಿದ್ದನ್ನು ಹಣಕ್ಕೆ ಮಾರುವುದಿಲ್ಲ. ಚುನಾವಣೆ ಬಂದಾಗ ಹಳೆಯ ಚಿತ್ರ ತೆಗೆದು ಹೆದರಿಸುವುದಿಲ್ಲ. ನಡೆದದ್ದರ ಜೊತೆಗೆ ಅದು ಏಕೆ ನಡೆಯಿತು ಎನ್ನುವುದನ್ನೂ ನೋಡುತ್ತಾನೆ. ಹಸಿದವನು ರೊಟ್ಟಿ ಎತ್ತಿಕೊಂಡರೆ ದೇವರಿಗೆ ಹಸಿವೂ ಕಾಣುತ್ತದೆ. ಕ್ಯಾಮರಾಗೆ ರೊಟ್ಟಿ ಎತ್ತಿದ ಕೈ ಮಾತ್ರ ಕಾಣುತ್ತದೆ. ಮೇಲಾಗಿ ಕ್ಯಾಮರಾ ತಾನಾಗಿ ಏನನ್ನೂ ನೋಡುವುದಿಲ್ಲ. ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಸಂಬಳಕ್ಕೆ ದುಡಿಯುವ, ನಿದ್ದೆ ಬರುವ, ಆಸೆ ಇರುವ, ದ್ವೇಷವೂ ಇರಬಹುದಾದ ಮನುಷ್ಯ. ಅವನನ್ನು ದೇವರ ಸ್ಥಾನದಲ್ಲಿ ಕೂರಿಸಬಾರದು. ಕನಕದಾಸರು ದೇವರ ಕಣ್ಣಿಗೆ ಅಂಜಿ ಹಣ್ಣು ತಿನ್ನಲಿಲ್ಲ. ಗುರುಗಳು ಕಿಟಕಿಯ ಹಿಂದೆ ಆಳನ್ನು ನಿಲ್ಲಿಸಿದ್ದಾರೆ ಎಂದು ಅಂಜಿ ತಿನ್ನದಿದ್ದರೆ ಆ ಕಥೆಯನ್ನು ಯಾರೂ ಇಷ್ಟು ಕಾಲ ಹೇಳುತ್ತಿರಲಿಲ್ಲ.

ಈ ನೋಟದ ಪ್ರಶ್ನೆ ಕ್ಯಾಮರಾದ ಜೊತೆಗೆ ಹುಟ್ಟಿದ್ದೆಂದು ತಿಳಿಯಬೇಡಿ. ಕ್ಯಾಮರಾ ಇಲ್ಲದ ಕಾಲದ ಒಂದು ಪ್ರಸಂಗ ಹೇಳುತ್ತೇವೆ. ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬ ಒಬ್ಬ ಮನುಷ್ಯನಿದ್ದ. 1941ರಲ್ಲಿ ಒಂದು ಡಕಾಯಿತಿ ಪ್ರಕರಣದಲ್ಲಿ ಅವನ ಹೆಸರು ಬಂದಿತು. ಸಾಕ್ಷ್ಯ ಸಿಕ್ಕಲಿಲ್ಲ, ಬಿಟ್ಟುಬಿಟ್ಟರು. ಬಿಟ್ಟರು ಎಂದರೆ ಪೂರ್ತಿ ಬಿಡಲಿಲ್ಲ. ಪೋಲೀಸರು ಅವನ ಹೆಸರಿನಲ್ಲಿ ಒಂದು ಕಡತ ತೆರೆದರು. ಅಲ್ಲಿಂದ ಮುಂದೆ ರಾತ್ರಿಯ ಹೊತ್ತು ಊರಿನ ಚೌಕೀದಾರ, ಒಮ್ಮೊಮ್ಮೆ ಪೋಲೀಸರು ಅವನ ಮನೆಯ ಮುಂದೆ ಬಂದು ಬಾಗಿಲು ಬಡಿಯುವುದು, ಕೂಗುವುದು, ಒಳಗೆ ನುಗ್ಗುವುದು, ನಿದ್ದೆಯಿಂದ ಎಬ್ಬಿಸುವುದು. ಪರಸ್ಥಳಕ್ಕೆ ಹೋಗಬೇಕಾದರೆ ಚೌಕೀದಾರನಿಗೆ ತಿಳಿಸಿ ಹೋಗಬೇಕು. ಹೋದ ಊರಿನಲ್ಲಿಯೂ ಕಾವಲು. ಅಪರಾಧ ರುಜುವಾತಾಗಲಿಲ್ಲ, ಶಿಕ್ಷೆ ಮಾತ್ರ ನಿಲ್ಲಲಿಲ್ಲ. ಆ ಮನೆಯ ಹೆಣ್ಣುಮಕ್ಕಳ ಪಾಡನ್ನು ನೀವೇ ಊಹಿಸಿಕೊಳ್ಳಿ. ನೆರೆಯವರು ಆ ಮನೆಗೆ ಬೆಂಕಿ ಕೇಳಲು ಬಂದಾರೆಯೇ? ಹೆಣ್ಣು ಕೊಟ್ಟಾರೆಯೇ?

ಅವನು ಸುಮ್ಮನೆ ಕೂರಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದ. 1962ರ ಡಿಸೆಂಬರಿನಲ್ಲಿ ಆರು ಮಂದಿ ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ರಾತ್ರಿ ಮನೆಗೆ ನುಗ್ಗುವುದು ತಪ್ಪು, ಅದನ್ನು ನಿಲ್ಲಿಸಿ ಎಂದರು. ಆದರೆ ಉಳಿದ ಕಾವಲು ಇರಲಿ, ಖಾಸಗಿತನ ಎಂಬ ಹಕ್ಕನ್ನು ನಮ್ಮ ಸಂವಿಧಾನ ಕೊಟ್ಟಿಲ್ಲ ಎಂದು ಹೆಚ್ಚಿನವರು ಹೇಳಿದರು. ಇಬ್ಬರು ಒಪ್ಪಲಿಲ್ಲ. ಅವರಲ್ಲಿ ಒಬ್ಬರು ನ್ಯಾಯಮೂರ್ತಿ ಸುಬ್ಬರಾಯರು, ಮುಂದೆ 1966ರಲ್ಲಿ ಮುಖ್ಯ ನ್ಯಾಯಮೂರ್ತಿಗಳಾದವರು. ಪ್ರತಿ ಹೆಜ್ಜೆಯ ಹಿಂದೆಯೂ ಒಬ್ಬ ಬರೆದುಕೊಳ್ಳುವವನು ಬರುತ್ತಿದ್ದರೆ ಆ ಮನುಷ್ಯನ ಓಡಾಟವನ್ನು ಸ್ವತಂತ್ರ ಎನ್ನುವುದು ಹೇಗೆ ಎಂಬುದು ಅವರ ನಿಲುವಾಗಿತ್ತು. ಕಾಲಿಗೆ ಸರಪಳಿ ಇಲ್ಲದಿರಬಹುದು, ಮನಸ್ಸಿಗೆ ಇದೆಯಲ್ಲ!

ಅಲ್ಪಮತದ ಆ ಮಾತು ಐವತ್ತೈದು ವರ್ಷ ಕಾಯಿತು. ಮೇಲೆ ಬಂದದ್ದು ನಮ್ಮ ನಾಡಿನ ಒಬ್ಬ ಹಿರಿಯರ ಕೈಯಿಂದ. ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಮೊಮ್ಮಕ್ಕಳನ್ನು ಆಡಿಸಿಕೊಂಡು ಕಾಲ ಕಳೆಯಬಹುದಾದ ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ಸರ್ಕಾರದ ಪರ ವಕೀಲರು ಹಳೆಯ ಖರಕ್ ಸಿಂಗ್ ತೀರ್ಪನ್ನೇ ಎತ್ತಿ ತೋರಿಸಿದರು. ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ ಕುಳಿತಿತು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು, ಜೀವದ ಹಕ್ಕಿನೊಳಗೇ ಅದು ಇದೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂದು ದೇಶದ ಯಾವ ಮೂಲೆಯ ಕೋರ್ಟಿನಲ್ಲಿ ಖಾಸಗಿತನದ ಮಾತು ಬಂದರೂ ಮೊದಲು ಬರುವುದು ಅವರ ಹೆಸರು.

ಹಾಗಾದರೆ ಸರ್ಕಾರ ಇನ್ನು ಯಾರನ್ನೂ ನೋಡಲೇಬಾರದೇ? ಹಾಗಲ್ಲ. ಆ ತೀರ್ಪಿನಲ್ಲಿಯೇ ಅಳತೆಗೋಲು ಇದೆ. ನೋಡುವುದಕ್ಕೆ ಕಾನೂನಿನ ಆಧಾರ ಇರಬೇಕು. ನ್ಯಾಯವಾದ ಉದ್ದೇಶ ಇರಬೇಕು. ಮೂರನೆಯದು, ನಮಗೆ ಬಹಳ ಹಿಡಿಸಿದ್ದು: ಉದ್ದೇಶ ಎಷ್ಟೋ ನೋಟವೂ ಅಷ್ಟೇ ಇರಬೇಕು. ಇಲಿ ಹಿಡಿಯಬೇಕೆಂದು ಕಣಜಕ್ಕೆ ಬೆಂಕಿ ಇಡಬಾರದು. ಆಧಾರ್ ಕೂಡ ಇದೇ ಅಳತೆಗೋಲಿನಲ್ಲಿ ಅಳೆಯಲ್ಪಟ್ಟಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಹುಮತದಿಂದ ಉಳಿಸಿತು. ಆದರೆ ಬ್ಯಾಂಕಿನ ಖಾತೆಗೆ, ಮೊಬೈಲಿಗೆ ಅದನ್ನು ಕಡ್ಡಾಯ ಮಾಡಬೇಡಿ ಎಂದು ಕೈಕಾಲು ಕತ್ತರಿಸಿ ಉಳಿಸಿತು. ಪೂರ್ತಿ ತಳ್ಳಲೂ ಇಲ್ಲ, ಪೂರ್ತಿ ತೆರೆಯಲೂ ಇಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 2010ರಲ್ಲಿ ಮುಸಲ್ಮಾನರು ಹೆಚ್ಚಾಗಿರುವ ಎರಡು ಬಡಾವಣೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಕ್ಯಾಮರಾಗಳನ್ನು ನೆಟ್ಟರು. ಕೆಲವು ಕಣ್ಣಿಗೆ ಕಾಣುವಂತೆ, ಕೆಲವು ಗುಟ್ಟಾಗಿ. ಸಾಮಾನ್ಯ ಕಳ್ಳತನ ತಡೆಯಲು ಎಂದು ಜನರಿಗೆ ಹೇಳಿದರು. ಹಣ ಬಂದದ್ದು ಮಾತ್ರ ಭಯೋತ್ಪಾದನೆಯ ವಿರುದ್ಧದ ನಿಧಿಯಿಂದ. ಸಂಗತಿ ಬಯಲಾದಾಗ ಜನ ಕೇಳಿದರು: ಇಡೀ ಬಡಾವಣೆಯೇ ಅಪರಾಧಿಯೇ? ಮೊದಲು ಕ್ಯಾಮರಾಗಳಿಗೆ ಚೀಲ ಮುಸುಕಿದರು, 2011ರಲ್ಲಿ ಕಿತ್ತುಹಾಕಿದರು. ಹಣ ಹೋಯಿತು. ಅದಕ್ಕಿಂತ ಹೆಚ್ಚಾಗಿ ಜನರಿಗೆ ಪೋಲೀಸರ ಮೇಲಿದ್ದ ವಿಶ್ವಾಸ ಹೋಯಿತು. ಊರಿನ ಜನ ತಾವಾಗಿ ಬಂದು ಹೇಳುವ ಒಂದು ಮಾತು ಹತ್ತು ಕ್ಯಾಮರಾಗಿಂತ ದೊಡ್ಡ ಕಾವಲು ಎನ್ನುವುದು ಅನುಭವಸ್ಥ ಪೋಲೀಸರಿಗೆ ಚೆನ್ನಾಗಿ ಗೊತ್ತು.

ಈಗ ಕ್ಯಾಮರಾ ನೋಡುವುದಷ್ಟೇ ಅಲ್ಲ, ಹೆಸರು ಹಿಡಿದು ಕರೆಯಲೂ ಕಲಿತಿದೆ. ಮುಖ ನೋಡಿ ಇವನು ಇಂಥವನು ಎನ್ನುವ ಯಂತ್ರ ಬಂದಿದೆ. ಅಮೆರಿಕದ ಡೆಟ್ರಾಯಿಟ್ ನಗರದ ಒಂದು ಅಂಗಡಿಯಲ್ಲಿ ಕೈಗಡಿಯಾರಗಳು ಕಳುವಾದವು. ಮಬ್ಬಾದ ಚಿತ್ರವೊಂದನ್ನು ಯಂತ್ರಕ್ಕೆ ತೋರಿಸಿದರು. ಯಂತ್ರ ಒಬ್ಬ ಗೃಹಸ್ಥನ ಕಡೆ ಬೆರಳು ತೋರಿತು. 2020ರ ಜನವರಿಯಲ್ಲಿ ಪೋಲೀಸರು ಬಂದು ಅವನ ಮನೆಯ ಮುಂದೆಯೇ, ಹೆಂಡತಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳ ಕಣ್ಣೆದುರಿಗೇ ಕೈಗೆ ಕೋಳ ಹಾಕಿದರು. ಸುಮಾರು ಮೂವತ್ತು ಗಂಟೆ ಕೂಡಿಹಾಕಿದರು. ವಿಚಾರಣೆಯ ಮೇಜಿನ ಮೇಲೆ ಚಿತ್ರ ಇಟ್ಟಾಗ ಅವನು ಅದನ್ನು ತನ್ನ ಮುಖದ ಪಕ್ಕದಲ್ಲಿ ಹಿಡಿದು ತೋರಿಸಿದ. ಅವನಲ್ಲವೆಂದು ಯಾರಿಗಾದರೂ ಕಾಣುತ್ತಿತ್ತು. ಕಣ್ಣಿರುವ ಮನುಷ್ಯರು ಯಂತ್ರವನ್ನು ನಂಬಿ ಕಣ್ಣನ್ನೇ ಬಿಟ್ಟುಕೊಟ್ಟಿದ್ದರು. ಯಂತ್ರ ಹೇಳಿತೆಂಬ ಒಂದೇ ಕಾರಣಕ್ಕೆ ಯಾರನ್ನೂ ಬಂಧಿಸಬಾರದು ಎಂದು 2024ರಲ್ಲಿ ಆ ನಗರದ ಪೋಲೀಸರು ಒಪ್ಪಿಕೊಂಡರು. ನಮ್ಮಲ್ಲಿಯೂ 2018ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ, ಕಳೆದುಹೋದ ಮಕ್ಕಳನ್ನು ಗುರುತಿಸಲು ತಂದ ಇಂಥದೇ ಯಂತ್ರದ ನಿಖರತೆ ನೂರಕ್ಕೆ 2 ಎಂಬ ಲೆಕ್ಕ ಬಂದಿತ್ತು. ಈಗಿನ ಯಂತ್ರಗಳು ಸುಧಾರಿಸಿವೆ. ಆದರೆ ಲಕ್ಷ ಜನ ಸೇರುವ ಜಾತ್ರೆಯಲ್ಲಿ ನೂರಕ್ಕೆ ಒಂದು ತಪ್ಪಿದರೂ ಸಾವಿರ ಮುಖ! ಆ ಸಾವಿರದಲ್ಲಿ ಒಂದು ನಿಮ್ಮ ಮಗನದಾಗಿದ್ದರೆ?

ಕ್ಯಾಮರಾ ಎಲ್ಲಿ ಅತ್ಯಗತ್ಯ ಎಂದು ನಮ್ಮನ್ನು ಕೇಳಿದರೆ, ಅಧಿಕಾರ ಇರುವ ಕಡೆ ಎನ್ನುತ್ತೇವೆ. ಕಾಯುವ ಬೇಲಿಯೇ ಎದ್ದು ಹೊಲ ಮೇಯಬಾರದಲ್ಲ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಒಂದು ಆಜ್ಞೆ ಕೊಟ್ಟಿತು: ದೇಶದ ಪ್ರತಿಯೊಂದು ಪೋಲೀಸ್ ಠಾಣೆಯಲ್ಲಿಯೂ ಬಾಗಿಲಿಗೆ, ಪಡಸಾಲೆಗೆ, ಲಾಕಪ್ಪಿಗೆ ಕ್ಯಾಮರಾ ಹಾಕಿ, ರಾತ್ರಿಯೂ ಕಾಣಬೇಕು, ಧ್ವನಿಯೂ ಕೇಳಬೇಕು, ಚಿತ್ರವನ್ನು ಹದಿನೆಂಟು ತಿಂಗಳು ಇಡಿ, ಅಂಥ ಸಲಕರಣೆ ಸಿಕ್ಕದಿದ್ದರೆ ಒಂದು ವರ್ಷಕ್ಕೆ ಕಡಿಮೆ ಬೇಡ. ಲಾಕಪ್ಪಿನಲ್ಲಿ ಹೊಡೆತ ತಿಂದವನ ಮಾತನ್ನು ಯಾರೂ ನಂಬದ ಕಾಲದಲ್ಲಿ ಆ ಕ್ಯಾಮರಾ ಬಡವನ ಸಾಕ್ಷಿ. ಎಲ್ಲ ಠಾಣೆಗಳಲ್ಲಿಯೂ ಅದು ಹಾಗೆ ನಡೆಯುತ್ತಿಲ್ಲ ಎನ್ನುವುದು ಬೇರೆ ವ್ಯಥೆ. ಆದರೆ ಆ ಆಜ್ಞೆಯಲ್ಲಿ ಒಂದು ಸಣ್ಣ ಮಾತು ಇದೆ, ಗಮನಿಸಿ. ಶೌಚಾಲಯದ ಹೊರಗೆ ಕ್ಯಾಮರಾ ಇರಲಿ, ಒಳಗೆ ಬೇಡ. ಕೈದಿಗೂ ಅಷ್ಟು ಮರೆಯನ್ನು ನ್ಯಾಯಾಲಯ ಬಿಟ್ಟುಕೊಟ್ಟಿತು.

ತಾಯಂದಿರಿಗೆ ಒಂದು ಮಾತು. ಬಟ್ಟೆ ಬದಲಿಸುವ ಕೋಣೆಯಲ್ಲಿ, ಸ್ನಾನದ ಕೋಣೆಯಲ್ಲಿ ಕದ್ದು ಚಿತ್ರ ತೆಗೆಯುವುದು 2013ರಿಂದ ಪ್ರತ್ಯೇಕ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮು. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ, ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ ಸೆರೆ. ಇಂಥದು ನಡೆದಾಗ ಮಗಳಿಗೆ ಬಯ್ಯಬೇಡಿ, 'ನೀನೇಕೆ ಅಲ್ಲಿಗೆ ಹೋದೆ' ಎನ್ನಬೇಡಿ. ನಾಚಿಕೆ ಪಡಬೇಕಾದವನು ತೆಗೆದವನು.

ಇನ್ನು ನಮ್ಮ ಮಠದ ಮಾತು. ಸಾರ್ವಜನಿಕ ಸುರಕ್ಷತೆಗಾಗಿ ಕರ್ನಾಟಕದಲ್ಲಿ 2017ರಲ್ಲಿ ಒಂದು ಕಾಯ್ದೆ ಆಗಿದೆ. ಒಮ್ಮೆಗೆ ನೂರು ಜನ, ಅಥವಾ ದಿನಕ್ಕೆ ಐನೂರು ಜನ ಬಂದು ಹೋಗುವ ಜಾಗಗಳವರು ಕ್ಯಾಮರಾ ಹಾಕಿಸಬೇಕು, ಮೂವತ್ತು ದಿನದ ಚಿತ್ರ ಇಟ್ಟಿರಬೇಕು. ಅಂಗಡಿ, ಆಸ್ಪತ್ರೆ, ಶಾಲೆಗಳ ಜೊತೆಗೆ ಧಾರ್ಮಿಕ ಸ್ಥಳಗಳೂ ಅದರಲ್ಲಿ ಸೇರಿವೆ. ಕಾನೂನು ಎಂದ ಮೇಲೆ ಮಠಕ್ಕೂ ಕಾನೂನೇ. ಮಹಾದ್ವಾರದಲ್ಲಿ, ತೇರಿನ ಬೀದಿಯಲ್ಲಿ, ಹುಂಡಿಯ ಮುಂದೆ, ಉಗ್ರಾಣದ ಬಾಗಿಲಲ್ಲಿ, ವಾಹನ ನಿಲ್ಲಿಸುವ ಬಯಲಿನಲ್ಲಿ ಹಾಕಿಸಿದ್ದೇವೆ. ಹುಂಡಿ ಎಣಿಸುವ ಕೋಣೆಯಲ್ಲಿ ಎರಡು ಹಾಕಿಸಿದ್ದೇವೆ. ಎಣಿಸುವವರ ಮೇಲೆ ಅಪನಂಬಿಕೆಯಿಂದಲ್ಲ, ಅವರ ಮೇಲೆ ಯಾರೂ ಬೆರಳು ತೋರಿಸದಿರಲಿ ಎಂದು.

ಕೆಲವು ಕಡೆ ಬೇಡವೆಂದೆವು. ಅದಕ್ಕೆ ಸಮಿತಿಯ ಹಿರಿಯರಿಗೆ ಸ್ವಲ್ಪ ಬೇಸರವೂ ಆಯಿತು.

ಒಬ್ಬರು ಹೇಳಿದರು: 'ಬುದ್ಧಿ, ದಾಸೋಹದಲ್ಲಿ ಕೆಲವರು ಎರಡು ಪಂಕ್ತಿಗೂ ಕೂರುತ್ತಾರೆ. ಕೆಲವರು ಮುದ್ದೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲೊಂದು ಕ್ಯಾಮರಾ ಇದ್ದರೆ ಗೊತ್ತಾಗುತ್ತದೆ.'

'ಗೊತ್ತಾದ ಮೇಲೆ ಏನು ಮಾಡುತ್ತೀರಿ?' ಎಂದು ಕೇಳಿದೆವು.

ಅವರು ಸುಮ್ಮನಾದರು.

ಎರಡನೆಯ ಪಂಕ್ತಿಗೂ ಕೂರುವವನಿಗೆ ಎರಡು ಹೊತ್ತಿನ ಹಸಿವಿರುತ್ತದೆ. ಸೆರಗಿನಲ್ಲಿ ಕಟ್ಟಿಕೊಂಡು ಹೋದವಳ ಮನೆಯಲ್ಲಿ ಎದ್ದು ಬರಲಾರದ ಯಾರೋ ಇರುತ್ತಾರೆ. ಅದನ್ನು ಹಿಡಿದು ನಾವು ಮಾಡುವುದೇನಿದೆ? ಹಸಿದವನು ತಲೆ ತಗ್ಗಿಸಿ ಉಣ್ಣುತ್ತಿರುವಾಗ ಮೇಲಿನಿಂದ ಒಂದು ಕಣ್ಣು ನೋಡುತ್ತಿದ್ದರೆ ಅವನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಪಾತ್ರೆ ಸೌಟು ಹೋದರೆ ಹೋಗಲಿ, ಉಗ್ರಾಣದ ಬಾಗಿಲಲ್ಲಿ ಕಾವಲಿದೆ. ಪಂಕ್ತಿಯ ಮೇಲೆ ಬೇಡ.

ಪ್ರಸಾದ ನಿಲಯದ ಮಾತು ಇಷ್ಟು ಸುಲಭದ್ದಾಗಿರಲಿಲ್ಲ. ಕೆಲವು ತಂದೆತಾಯಿಗಳು ಬಂದು, ಹುಡುಗರು ಮಲಗುವ ಕೋಣೆಗಳಲ್ಲಿ ಕ್ಯಾಮರಾ ಹಾಕಿಸಿ ಎಂದರು. ದೊಡ್ಡ ಹುಡುಗರು ಚಿಕ್ಕವರನ್ನು ಪೀಡಿಸುತ್ತಾರೆಂಬ ಭಯ ಅವರದು. ಆ ಭಯ ಸುಳ್ಳಲ್ಲ. ನಾವು ಎರಡು ದಿನ ಯೋಚಿಸಿದೆವು. ಮಲಗುವ ಕೋಣೆಯಲ್ಲಿ ಹುಡುಗ ಬಟ್ಟೆ ಬದಲಿಸುತ್ತಾನೆ. ಮನೆಯ ನೆನಪಾದಾಗ ಗೋಡೆಯ ಕಡೆ ತಿರುಗಿ ಅಳುತ್ತಾನೆ. ಹತ್ತು ವರ್ಷದ ಮಗುವಿಗೆ ಅಳಲು ಒಂದು ಗೋಡೆ ಬೇಕು. ಆದ್ದರಿಂದ ಕೋಣೆಯ ಒಳಗೆ ಬೇಡ; ಪಡಸಾಲೆಗೆ, ಮೆಟ್ಟಿಲಿಗೆ, ಹೊರಬಾಗಿಲಿಗೆ ಹಾಕಿಸಿ ಎಂದೆವು. ಅದರ ಬದಲಿಗೆ ರಾತ್ರಿ ಪಾಳಿಯ ಮೇಲ್ವಿಚಾರಕರನ್ನು ಒಬ್ಬರ ಬದಲು ಇಬ್ಬರು ಮಾಡಿದ್ದೇವೆ. ಚಿಕ್ಕ ಹುಡುಗರನ್ನು ದೊಡ್ಡವರಿಂದ ಬೇರೆ ಸಾಲಿನಲ್ಲಿ ಮಲಗಿಸಿದ್ದೇವೆ. ಇದಕ್ಕೆ ಕ್ಯಾಮರಾಗಿಂತ ಹೆಚ್ಚು ಹಣ ಬೇಕು. ಪ್ರತಿ ತಿಂಗಳೂ ಬೇಕು. ಕ್ಯಾಮರಾಗೆ ಒಮ್ಮೆ ಕೊಟ್ಟರೆ ಮುಗಿಯಿತು, ಮನುಷ್ಯನಿಗೆ ಸಂಬಳ ಕೊಡಬೇಕು. ಎಷ್ಟೋ ಕಡೆ ಕ್ಯಾಮರಾ ಬರುವುದು ಕಾವಲಿಗಾಗಿ ಅಲ್ಲ, ಈ ಸಂಬಳ ಉಳಿಸುವುದಕ್ಕಾಗಿ ಎಂದು ನಮಗೆ ಅನ್ನಿಸುತ್ತದೆ.

ಭಕ್ತರು ಬಂದು ತಮ್ಮ ಕಷ್ಟ ಹೇಳಿಕೊಳ್ಳುವ ಕೋಣೆಯಲ್ಲಿ ಇಲ್ಲ. ಹೊಂಡದ ಬಳಿ, ಹೆಂಗಸರು ಸೀರೆ ಬದಲಿಸುವ ಕಡೆ ಇಲ್ಲ. ಚಿತ್ರ ಶೇಖರವಾಗುವ ಪೆಟ್ಟಿಗೆಗೆ ಎರಡು ಬೀಗ. ಒಂದು ಕೈ ಕಾರ್ಯದರ್ಶಿಯವರಲ್ಲಿ, ಇನ್ನೊಂದು ಸಮಿತಿಯ ತಾಯಿಯೊಬ್ಬರಲ್ಲಿ. ಇಬ್ಬರೂ ಬಾರದೆ ಅದು ತೆರೆಯುವುದಿಲ್ಲ. ತೆರೆದವರು ಯಾವ ದಿನ, ಏಕೆ ತೆರೆದೆವೆಂದು ಪುಸ್ತಕದಲ್ಲಿ ಬರೆಯಬೇಕು. ಪೋಲೀಸರು ಕೇಳಿದರೆ ಬರಹದಲ್ಲಿ ಕೇಳಲಿ, ಕೊಡೋಣ. ಮೂವತ್ತು ದಿನ ಕಳೆದದ್ದು ಅಳಿಸಿ ಹೋಗಬೇಕು. ಆ ಪುಸ್ತಕವನ್ನು ಯಾವ ಭಕ್ತರು ಬಂದು ಕೇಳಿದರೂ ತೋರಿಸಬೇಕೆಂದು ಹೇಳಿದ್ದೇವೆ.

ಮನೆಗಳ ಮಾತು ಉಳಿಯಿತು. ಈಗ ಹಳ್ಳಿಯ ಮನೆಗಳಲ್ಲಿಯೂ ಕ್ಯಾಮರಾ ಬಂದಿದೆ. ನಿಮ್ಮ ಬಾಗಿಲನ್ನು ನೀವು ಕಾಯಿರಿ. ನಿಮ್ಮ ಕ್ಯಾಮರಾ ಎದುರು ಮನೆಯ ಅಂಗಳವನ್ನು ಕಾಯುವುದು ಬೇಡ. ಕಲ್ಕತ್ತೆಯಲ್ಲಿ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿಗೆ ಇದೇ ವ್ಯಾಜ್ಯ. ಒಬ್ಬರು ಮನೆಯ ಒಳಭಾಗದಲ್ಲಿಯೇ ಕ್ಯಾಮರಾಗಳನ್ನು ಹಾಕಿಸಿದರು. ಜೊತೆಯಲ್ಲಿ ವಾಸಿಸುವವರ ಒಪ್ಪಿಗೆ ಇಲ್ಲದೆ ವಾಸದ ಭಾಗದೊಳಗೆ ಹಾಗೆ ಹಾಕುವಂತಿಲ್ಲ, ಅದು ಖಾಸಗಿತನಕ್ಕೆ ಭಂಗ ಎಂದು ಅಲ್ಲಿನ ಹೈಕೋರ್ಟು 2025ರಲ್ಲಿ ಹೇಳಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲಿಲ್ಲ. ಪಾಲುಪಟ್ಟಿಗೆ ಕೋರ್ಟಿಗೆ ಹೋಗುವ ಅಣ್ಣತಮ್ಮಂದಿರನ್ನು ಕಂಡಿದ್ದೆವು, ನೋಟಕ್ಕೂ ಹೋಗುವ ಕಾಲ ಬಂದಿದೆ.

ಮಕ್ಕಳು ಪ್ರೀತಿಯಿಂದಲೇ ಮಾಡುವ ಒಂದು ಕೆಲಸವಿದೆ. ಮಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾನೆ, ತಾಯಿ ಊರಿನಲ್ಲಿ ಒಬ್ಬಳೇ. ಬಿದ್ದುಗಿದ್ದಾಳು ಎಂದು ಅಡುಗೆಮನೆಗೆ, ನಡುಮನೆಗೆ ಕ್ಯಾಮರಾ ಹಾಕಿಸಿ, ಫೋನಿನಲ್ಲಿ ನೋಡುತ್ತಿರುತ್ತಾನೆ. ಅಂಥ ಒಬ್ಬ ತಾಯಿ ನಮ್ಮಲ್ಲಿಗೆ ಬಂದಿದ್ದರು. 'ಬುದ್ಧಿ, ಮಗ ಒಳ್ಳೆಯವನು, ಅವನ ಮೇಲೆ ದೂರಿಲ್ಲ. ಆದರೆ ಮನೆಯಲ್ಲಿ ಸೆರಗು ಜಾರಿಸಿ ಕೂರುವ ಹಾಗಿಲ್ಲ. ಎರಡು ಸಲ ಕಾಫಿ ಕುಡಿದರೆ ಫೋನು ಬರುತ್ತದೆ, ಸಕ್ಕರೆ ಕಾಯಿಲೆ ಅಮ್ಮಾ ಎಂದು. ಅವರಪ್ಪನ ಪಟದ ಮುಂದೆ ಕುಳಿತು ನಾಲ್ಕು ಮಾತಾಡುತ್ತಿದ್ದೆ, ಅದೂ ನಿಂತುಹೋಯಿತು' ಎಂದರು. ನಾವು ಆ ಮಗನಿಗೆ ಫೋನು ಮಾಡಿಸಿದೆವು. ಅವನು ವಿದ್ಯಾವಂತ, ಬೇಗ ಅರ್ಥಮಾಡಿಕೊಂಡ. 'ಅಮ್ಮ ನನಗೆ ಹೇಳಲೇ ಇಲ್ಲವಲ್ಲ' ಎಂದ. ನೋಡುತ್ತಿರುವವನಿಗೆ ಹೇಳುವುದು ಸುಲಭವಲ್ಲ ಎಂದೆವು.

ಈಗ ಅಲ್ಲಿ ಕ್ಯಾಮರಾ ಹೊರಬಾಗಿಲಲ್ಲಿ ಮಾತ್ರ ಇದೆ. ಪಕ್ಕದ ಮನೆಯ ಹುಡುಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಮಾತಾಡಿಸಿ ಹೋಗುತ್ತಾಳೆ. ಮಗ ರಾತ್ರಿ ಊಟದ ಹೊತ್ತಿಗೆ ಫೋನು ಮಾಡುತ್ತಾನೆ. ಎಷ್ಟು ಸಲ ಕಾಫಿ ಕುಡಿದೆ ಎಂದು ಕೇಳುತ್ತಾನಂತೆ. ಆ ತಾಯಿ ಒಂದೇ ಸಲ ಎನ್ನುತ್ತಾರಂತೆ.